ಹುಸೇನಪ್ಪನ ಬದಿ

ಬಹಳ ಹಿಂದೆ, ಹೊಳೆಗೆ ಇನ್ನೂ ಸೇತುವೆ ಆಗಿರದ ಕಾಲದಲ್ಲಿ, ಒಂದೂರಿತ್ತು. ಊರಿನ ಹೆಸರನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಲು ನನಗೆ ಮುಖವಿಲ್ಲ. ಯಾವ ವರ್ಷ ಅಂತಲೂ ಕೇಳಬೇಡಿ, ನನಗೆ ಹೇಳಿದವರಿಗೂ ಅದು ಗೊತ್ತಿರಲಿಲ್ಲ.

ಆ ಊರಲ್ಲಿ ಹುಸೇನಪ್ಪ ಅನ್ನುವವನಿದ್ದ. ಪೇಟಿ ರಿಪೇರಿಯವನು. ಬಯಲಾಟದವರ ಹಾರ್ಮೋನಿಯಂ ಪೇಟಿಯ ತಿದಿ ಹರಿದರೆ, ಸ್ವರ ಕೂತರೆ, ಅವನ ಹತ್ತಿರ ತರುತ್ತಿದ್ದರು. ಎಲ್ಲಿಂದಲೋ ದೋಣಿ ಹತ್ತಿ ಬಂದವನು, ಹೊಳೆದಂಡೆಯಲ್ಲಿ ತಗಡಿನ ಗುಡಿಸಲು ಹಾಕಿಕೊಂಡು ಇಲ್ಲೇ ಉಳಿದ. ಬಲು ಸಿಡುಕ. ಎರಡು ಕಪ್ ಚಹಾ ಆಗದೆ ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ. ತನ್ನ ಕೈಗುಣವನ್ನು ತಾನೇ ಹೊಗಳಿಕೊಳ್ಳುತ್ತಿದ್ದ, ಯಾರೂ ಕೇಳದಿದ್ದರೂ. ಆದರೂ ಊರಿನವರು ಅವನನ್ನು ನಮ್ಮವನು ಅನ್ನುತ್ತಿದ್ದರು ಅಂತಾರೆ. ಅನ್ನುತ್ತಿದ್ದದ್ದು ನಿಜ.

ಊರಿಗೆಲ್ಲ ಸೇರಿ ಒಂದೇ ಒಂದು ನೆಟ್‌ಬುಕ್ ಇತ್ತು. ನೆಟ್‌ಬುಕ್ ಅಂದರೆ ಪುಟ್ಟ ಲ್ಯಾಪ್‌ಟಾಪು, ಮಡಿಸಿದರೆ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಯಾರೋ ಪುಣ್ಯಾತ್ಮರು ಕೊಟ್ಟು ಹೋದದ್ದು. ಗೌಡರ ಮನೆಯ ಪಡಸಾಲೆಯಲ್ಲಿ ಇಟ್ಟಿದ್ದರು. ಆಟಕ್ಕೆ ಇಟ್ಟದ್ದಲ್ಲ. ಊರಿನ ಎಮ್ಮೆ ಆಕಳೆಲ್ಲ ಹೊಳೆಯ ನಡುಗಡ್ಡೆಯಲ್ಲಿ ಮೇಯುತ್ತಿದ್ದವು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ ಅನ್ನುವ ಸುದ್ದಿ ಆ ನೆಟ್‌ಬುಕ್ಕಿನಲ್ಲಿ ಬರುತ್ತಿತ್ತು. ಸುದ್ದಿ ಬಂದ ಕೂಡಲೇ ಅಂಬಿಗರ ತಿಪ್ಪಣ್ಣ ಹೋಗಿ, ಹೊಳೆ ಏರುವ ಮುಂಚೆ ದನಗಳನ್ನು ಈಚೆ ದಾಟಿಸುತ್ತಿದ್ದ.

ಬರಬರುತ್ತ ನೆಟ್‌ಬುಕ್ ಮುದಿಯಾಯಿತು. ಅದು ಆನ್ ಆಗುವಷ್ಟರಲ್ಲಿ ಕೈಯಲ್ಲಿನ ಚಹಾ ಆರಿಹೋಗುತ್ತಿತ್ತು. ಹುಸೇನಪ್ಪ ನೋಡಿ, ಇದರ ತಲೆಯ ಮೇಲೆ ಭಾರ ಜಾಸ್ತಿಯಾಗಿದೆ ಅಂದ. ಒಳಗಿದ್ದದ್ದನ್ನೆಲ್ಲ ಅಳಿಸಿ ಲಿನಕ್ಸ್ ಅನ್ನುವ ಹಗುರವಾದ ಸಾಫ್ಟ್‌ವೇರನ್ನು ಹಾಕಿದ. ನೆಟ್‌ಬುಕ್ ಚುರುಕಾಯಿತು, ಆದರೆ ಮೂಕವಾಯಿತು. ಸದ್ದಿಲ್ಲ. ಮುಚ್ಚಳ ಮುಚ್ಚಿದರೆ ಮತ್ತೆ ಏಳುವುದಿಲ್ಲ. ಹೊಳೆಯಾಚೆಯ ಶಾಲೆಯ ಮಾಳಿಗೆಯಿಂದ ಗಾಳಿಯಲ್ಲಿ ಬಂದು ಸುದ್ದಿ ತರುತ್ತಿದ್ದ ಇಂಟರ್ನೆಟ್ಟಿನ ವೈರ್‌ಲೆಸ್ಸು ಅದಕ್ಕೆ ಕಾಣಿಸುವುದೇ ಇಲ್ಲ. ಇದ್ದದ್ದನ್ನೂ ಕೆಡಿಸಿಟ್ಟ ಅಂತ ಹುಸೇನಪ್ಪ ಊರವರ ಬಾಯಿಗೆ ಬಿದ್ದ.

ಅವನು ಬಿಡುವವನಲ್ಲ. ನೆಟ್‌ಬುಕ್ಕಿನ ಒಂದೊಂದು ಭಾಗಕ್ಕೂ ಅದರದೇ ಡ್ರೈವರ್ ಅನ್ನುವ ಪ್ರೋಗ್ರಾಮು ಬೇಕಂತೆ, ಆ ಭಾಗದ ಮಾತು ಬಲ್ಲಂಥದ್ದು. ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ, ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬರುತ್ತಿದ್ದ. ಒಂದು ಸಲ ತಂದದ್ದು ಹೊಂದುತ್ತಿರಲಿಲ್ಲ, ಮತ್ತೆ ಹೋಗುತ್ತಿದ್ದ. ಪೇಟಿಗೆ ಕಿವಿ ಹಚ್ಚುವ ಹಾಗೆ ಅದಕ್ಕೂ ಕಿವಿ ಹಚ್ಚಿ ಕೂತು ಮೊದಲು ಸದ್ದು ಬರಿಸಿದ ಅಂತಾರೆ. ಆಮೇಲೆ ನಿದ್ದೆಯಿಂದ ಏಳುವುದನ್ನು ಕಲಿಸಿದ ಅಂತಾರೆ. ಕಡೆಗೆ ಗೌಡರ ತಾಯಿ ನೀಲಗಂಗವ್ವನ ಹತ್ತಿರ ಹಿಟ್ಟು ಸೋಸುವ ತಂತಿಯ ಜರಡಿ ಕೇಳಿ ತಂದು, ನೆಟ್‌ಬುಕ್ಕಿನ ಬೆನ್ನಿಗೆ ನಿಲ್ಲಿಸಿ, ಹೊಳೆಯ ಕಡೆ ತಿರುಗಿಸಿದ. ವೈರ್‌ಲೆಸ್ ಬಂತು. ಗಾಳಿಯನ್ನೇ ಜರಡಿ ಹಿಡಿದು ಇಂಟರ್ನೆಟ್ ಸೋಸಿದ ಅಂತಾರೆ. ನಾನು ಅಷ್ಟು ಹೇಳಲಾರೆ, ಆದರೆ ಜರಡಿ ನಿಲ್ಲಿಸಿದ್ದು ಖರೆ. ಆ ದಿನ ಅವನಿಗೆ ಎಷ್ಟು ಚಹಾ ಕುಡಿಸಿದರೋ ಲೆಕ್ಕವಿಲ್ಲ.

ಆಮೇಲೆ ಆಯುಧ ಪೂಜೆ ಬಂತು.

ನೀಲಗಂಗವ್ವ ದೊಡ್ಡ ಜೀವ, ಊರಿಗೇ ಹಿರಿಯಳು. ಊರಿನ ಪೂಜೆ ಅವಳ ಕೈಯಿಂದಲೇ ಆಗಬೇಕು. ಕುಡುಗೋಲು, ಕುಂಟೆ, ತಿಪ್ಪಣ್ಣನ ದೋಣಿಯ ಹುಟ್ಟು, ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮ ಹಚ್ಚಿದಳು. ನೆಟ್‌ಬುಕ್ಕಿನ ಮೇಲೆ ಅವಳಿಗೆ ಪ್ರೀತಿ ಹೆಚ್ಚು, ತನ್ನ ಎಮ್ಮೆಯನ್ನು ಕಾಯುವುದು ಅದೇ ಅಂತ. ಅರಿಸಿನ ಕುಂಕುಮ ಕಲಸಿ ಸುತ್ತಲೂ ದಪ್ಪಗೆ ಮೆತ್ತಿದಳು, ಹೆಬ್ಬೆರಳಿನಿಂದ ಒತ್ತಿ ಒತ್ತಿ. ಆ ಊರಲ್ಲಿ ಒಂದು ಕಟ್ಟಳೆ ಇತ್ತು. ಪೂಜೆಯಲ್ಲಿ ಹಚ್ಚಿದ್ದನ್ನು ಯಾರೂ ಅಳಿಸುವ ಹಾಗಿಲ್ಲ, ಅದು ತಾನಾಗಿ ಒಣಗಿ ತಾನಾಗಿ ಉದುರಬೇಕು.

ಮರುದಿನ ವೈರ್‌ಲೆಸ್ ಇಲ್ಲ. ಹುಸೇನಪ್ಪ ಬಂದ, ಚಹಾ ಕುಡಿದ, ಕೂತ. ಕಪ್ಪು ಪರದೆಯ ಮೇಲೆ ಏನೇನೋ ಬರೆದು ಕೇಳಿದ. ವೈರ್‌ಲೆಸ್ಸಿನ ಬಾಗಿಲು ಹೊರಗಿನಿಂದ ಹಾಕಿದೆ ಅಂತ ಲಿನಕ್ಸೇ ಉತ್ತರ ಕೊಟ್ಟಿತು. ಅವನು ನೆಟ್‌ಬುಕ್ಕನ್ನು ಎತ್ತಿ ಬಲಗಡೆಯ ಅಂಚು ನೋಡಿದ. ಬೇರೆ ಯಾರಾದರೂ ಆಗಿದ್ದರೆ, ಕಟ್ಟಳೆ ಇದ್ದರೂ, ಯಾರಿಗೂ ಕಾಣದ ಹಾಗೆ ಉಗುರಿನಿಂದ ಕೆರೆದು ಮುಗಿಸುತ್ತಿದ್ದರು. ಅವನು ನಮಾಜಿನವನು, ದೇವಿಯ ಕುಂಕುಮ ಕೆರೆದ ಅನ್ನುವ ಮಾತು ಬರಬಾರದಲ್ಲ. ಸಿಡುಕ ಹುಸೇನಪ್ಪ ಮೊದಲ ಸಲ ಕೈಕಟ್ಟಿ ನಿಂತು ಕೇಳಿದ.

"ಅವ್ವಾರ, ಒಳಗ ಎಲ್ಲಾ ನೋಡೇನ್ರಿ, ಸರಿ ಐತಿ. ಬಲಗಡೆ ಕುಂಕುಮದ ಕೆಳಗ ಒಂದು ಸಣ್ಣ ಸ್ವಿಚ್ ಐತ್ರಿ, ಅದು ಸರದು ಬಂದ್ ಆಗೇತಿ. ಅಷ್ಟಽ ಒರಸ್ಲೇನ್ರಿ?"

"ಪೂಜಿ ಮಾಡಿದ್ದು ಅಳಸಂಗಿಲ್ಲೋ ಹುಸೇನಪ್ಪಾ," ಅಂದಳು ನೀಲಗಂಗವ್ವ. "ನಿನ್ನ ಕೈಲಂತೂ ಬ್ಯಾಡ."

ಆ ಕೊನೆಯ ಮಾತು ಹೇಳುವಾಗ ನನ್ನ ನಾಲಿಗೆ ಈಗಲೂ ತಡೆಯುತ್ತದೆ. ಪಡಸಾಲೆ ತುಂಬ ಜನ ಇದ್ದರಂತೆ. ಒಬ್ಬನಾದರೂ ಅವ್ವಾ, ಹಾಗನ್ನಬೇಡ ಅನ್ನಲಿಲ್ಲ. ಇಷ್ಟು ದಿನ ನಮ್ಮವನು ಅಂದವರೇ ತಲೆ ಆಡಿಸಿದರು. ಇವನ ಲಿನಕ್ಸ್ ಕೆಟ್ಟಿದೆ, ತಪ್ಪನ್ನು ಕುಂಕುಮದ ಮೇಲೆ ಹಾಕುತ್ತಿದ್ದಾನೆ ಅಂತಲೂ ಮಾತು ಹುಟ್ಟಿತು.

ಅವನು ಮತ್ತೆ ಕೇಳಲಿಲ್ಲ. ಆದರೂ ದಿನಾ ಬಂದು ಕೂರುತ್ತಿದ್ದ. ಆಗದು ಅಂತ ಗೊತ್ತಿದ್ದೂ ಒಳಗಿನಿಂದ ಏನಾದರೂ ಆದೀತೇ ಅಂತ ಒದ್ದಾಡುತ್ತಿದ್ದ. ಹೊಳೆಯ ಮೇಲೆ ಒಂದು ಕಣ್ಣಿಟ್ಟಿರು ಅಂತ ತಿಪ್ಪಣ್ಣನಿಗೆ ಹೇಳಿದ್ದನಂತೆ. ತಿಪ್ಪಣ್ಣ ಇಟ್ಟಿದ್ದ, ಊಟಕ್ಕೆ ಹೋದಷ್ಟು ಹೊತ್ತು ಬಿಟ್ಟು. ನೀರು ಬಂದದ್ದು ಆ ಹೊತ್ತಿಗೆ. ಸುದ್ದಿಯಿಲ್ಲದೆ ಬಂತು, ನಡುಗಡ್ಡೆ ಮುಳುಗಿತು. ಮನುಷ್ಯರಿಗೆ ಏನೂ ಆಗಲಿಲ್ಲ. ಈಜಿ ದಡ ಸೇರಿದ ದನ ಸೇರಿದವು, ಉಳಿದವು ಹೋದವು. ನೀಲಗಂಗವ್ವನ ಗಬ್ಬದ ಎಮ್ಮೆ ಹೋಯಿತು.

ಹುಸೇನಪ್ಪನನ್ನು ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಇಷ್ಟು ನಾಚಿಕೆ ಇರುತ್ತಿರಲಿಲ್ಲವೋ ಏನೋ. ಅವನು ಚಹಾದಂಗಡಿಗೆ ಬಂದರೆ ಕೂತವರು ಮಾತು ನಿಲ್ಲಿಸುತ್ತಿದ್ದರು. ಎರಡು ಕಪ್ಪಿನ ಹುಸೇನಪ್ಪನಿಗೆ ಒಂದು ಕಪ್ಪು ಅಂತಲೂ ಯಾರೂ ಕರೆಯಲಿಲ್ಲ. ಕೆಲವು ದಿನ ನೋಡಿದ. ಆಮೇಲೆ ಜರಡಿಯನ್ನು ತೊಳೆದು ನೀಲಗಂಗವ್ವನ ಹೊಸ್ತಿಲ ಹೊರಗೆ ಇಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ದೋಣಿ ಹತ್ತಿದ. ದಾರಿಯಲ್ಲಿ ಸಿಡುಕಲೂ ಇಲ್ಲ. ಅವನು ಒಂದು ಸಲ ಬೈದಿದ್ದರೆ ಸಾಕಿತ್ತು ಅಂತ ತಿಪ್ಪಣ್ಣ ಸಾಯುವವರೆಗೂ ಹೇಳುತ್ತಿದ್ದನಂತೆ.

ಚಳಿಗಾಲ ಬಂತು. ಕುಂಕುಮ ಒಣಗಿ ಬಿರಿಯಿತು. ಒಂದು ದಿನ ನೀಲಗಂಗವ್ವ ಪಡಸಾಲೆ ಗುಡಿಸಲು ನೆಟ್‌ಬುಕ್ ಎತ್ತಿದಾಗ ಬಲಗಡೆಯ ಕುಂಕುಮದ ಹೆಕ್ಕಳಿಕೆ ಕಳಚಿ ಬಿತ್ತು. ಅದರ ಕೆಳಗೆ ಅಕ್ಕಿಕಾಳಿನಷ್ಟು ಸ್ವಿಚ್ಚು. ಅವಳು ಅದನ್ನು ಹೆಬ್ಬೆರಳಿನಿಂದ ಸರಿಸಿದಳು, ಪೂಜೆಯ ದಿನ ಒತ್ತಿದ ಅದೇ ಹೆಬ್ಬೆರಳು. ನೀಲಿ ದೀಪ ಹತ್ತಿತು. ಮಗನನ್ನು ಕೂಗಿದಳು. ಗೌಡರು ಬಂದು ಜರಡಿಯನ್ನು ಮತ್ತೆ ಅದರ ಬೆನ್ನಿಗೆ ನಿಲ್ಲಿಸಿ ತೆರೆದರೆ, ಬರದೆ ನಿಂತಿದ್ದ ಸುದ್ದಿಗಳೆಲ್ಲ ಒಂದರ ಹಿಂದೆ ಒಂದು ಬಂದವು. ನಾಳೆ ಮಧ್ಯಾಹ್ನ ನೀರು ಬಿಡುತ್ತೇವೆ, ದನಕರು ದಾಟಿಸಿಕೊಳ್ಳಿ ಅನ್ನುವುದೂ ಅದರಲ್ಲಿತ್ತು. ಗೌಡರು ಅದನ್ನು ಜೋರಾಗಿ ಓದಿಬಿಟ್ಟರು. ಓದಿದ ಮೇಲೆ ತಾಯಿಯ ಮುಖ ನೋಡಲಾಗಲಿಲ್ಲ.

ನೀಲಗಂಗವ್ವ ಚಪ್ಪಲಿಯನ್ನೂ ಮೆಟ್ಟದೆ ಹೊಳೆಗೆ ನಡೆದಳು. ದೋಣಿ ಬಿಡು ಅಂದಳು. ಯಾಕೆ ಅಂತ ತಿಪ್ಪಣ್ಣ ಕೇಳಿದ.

"ಮೈಲಿಗಿ ಅವನ ಕೈಯಾಗ ಇರ್ಲಿಲ್ಲೋ ತಿಪ್ಪಣ್ಣಾ," ಅಂದಳು. "ನನ್ನ ಬಾಯಾಗಿತ್ತು."

ಆಚೆ ದಡದಲ್ಲಿ ಹುಡುಕಿದಳು. ಬಯಲಾಟದವರು ಇರುವ ಕಡೆಯೆಲ್ಲ ಹೋಗಿ, ನಿಮ್ಮ ಪೇಟಿ ಯಾರು ರಿಪೇರಿ ಮಾಡುತ್ತಾರೆ ಅಂತ ಕೇಳಿದಳು. ಒಂದೂರಲ್ಲಿ ಈಗ ತಾನೇ ಹೋದ ಅಂದರು ಅಂತಾರೆ. ಇನ್ನೊಂದೂರಲ್ಲಿ ಅಂಥವನು ಬಂದೇ ಇಲ್ಲ ಅಂದರು ಅಂತಾರೆ. ಸಿಕ್ಕಲಿಲ್ಲ ಅನ್ನುವುದನ್ನು ಮಾತ್ರ ಎಲ್ಲರೂ ಹೇಳುತ್ತಾರೆ. ಅವನ ಗುಡಿಸಲಿನ ತಗಡನ್ನು ಯಾರೂ ಕೀಳಲಿಲ್ಲ, ತುಕ್ಕು ಹಿಡಿದು ತಾನಾಗಿ ಬಿತ್ತು.

ಮುಂದಿನ ಆಯುಧ ಪೂಜೆಗೆ ನೀಲಗಂಗವ್ವ ಎಲ್ಲಕ್ಕೂ ಕುಂಕುಮ ಹಚ್ಚಿದಳು, ಬಲಗಡೆಯೊಂದನ್ನು ಬಿಟ್ಟು. ಕುಡುಗೋಲಿಗೂ ಹಾಗೆ, ಹುಟ್ಟಿಗೂ ಹಾಗೆ. ಇದೇನವ್ವ ಅಂದವರಿಗೆ, ಈ ಬದಿ ಹುಸೇನಪ್ಪಂದು ಅಂದಳಂತೆ.

ಊರಿನ ಹೆಸರು ಕೊನೆಗೆ ಹೇಳುತ್ತೇನೆ ಅಂದಿದ್ದೆ. ನೀವು ಕೂತಿರುವುದು ಅದೇ ಪಡಸಾಲೆ, ಊರು ಇದೇ. ನಾಳೆ ಪೂಜೆ. ನಿಮ್ಮ ಟ್ರ್ಯಾಕ್ಟರು, ಬೈಕು, ಹೊಲಿಗೆ ಮಷಿನ್ನು, ಎಲ್ಲದರ ಬಲಗಡೆಯನ್ನೂ ಬರಿದಾಗಿ ಬಿಡಿ. ಹೊರಗಿನವರು ಯಾರಾದರೂ ಕೇಳಿಯೇ ಕೇಳುತ್ತಾರೆ, ಇದು ಯಾವ ಶಾಸ್ತ್ರ ಅಂತ. ಶಾಸ್ತ್ರ ಅನ್ನಬೇಡಿ. ನಾವು ಮಾಡಿದ್ದನ್ನು ಹೇಳಿ, ಅವರಿಗೆ ಎರಡು ಕಪ್ ಚಹಾ ಕೊಟ್ಟು ಕಳಿಸಿ.