ಅಡ್ಡ ನಿಲ್ಲುವ ನಾಯಿ

"ಗುರುಗಳೇ, ಕಾವಲಿನವರ ಕೈ ಹಿಡಿದು ನಿಲ್ಲಿಸುವವನು ನಮ್ಮವನೋ, ಹಗೆಯವನೋ?" ಎಂದು ಮಾಂತಯ್ಯ ಕೇಳಿದ.

ಅವನ ಬೆರಳಿನ ಗಿಣ್ಣುಗಳೆಲ್ಲ ಬಾತಿದ್ದವು. ತಂಬಿಗೆ ಹಿಡಿಯಲೂ ಆಗುತ್ತಿರಲಿಲ್ಲ. ರೋಗ ಹೊರಗಿನಿಂದ ಬಂದದ್ದಲ್ಲ, ಮೈಯ ಕಾವಲೇ ಕೀಲುಗಳನ್ನು ಹಗೆಯೆಂದು ತಿಳಿದು ಉರಿ ಎಬ್ಬಿಸಿದೆ ಎಂದಿದ್ದರು ವೈದ್ಯರು. ಆ ಕಾವಲನ್ನು ತಣಿಸಲು ಮದ್ದು ಕೊಟ್ಟಿದ್ದರು.

ಗುರುಗಳು ಅವನ ಕೈಯನ್ನೊಮ್ಮೆ ನೋಡಿ, "ಕೇಳು ಮರೀ" ಎಂದರು.

ಒಬ್ಬ ಕುರಿಗಾಹಿ ಇದ್ದ. ಮಹಾ ಸಂಶಯದ ಪ್ರಾಣಿ. ಹೆಂಡತಿ ಕೊಟ್ಟ ಮಜ್ಜಿಗೆಯನ್ನೂ ಮೂಸಿ ನೋಡಿಯೇ ಕುಡಿಯುವವನು. ಅವನ ಹಟ್ಟಿಗೆ ನಾಯಿಗಳ ಕಾವಲು. ತೋಳ ಬಂದರೆ ಎಲ್ಲವೂ ಮೇಲೆ ಬೀಳುತ್ತಿದ್ದವು. ಒಂದು ಮುದಿ ನಾಯಿ ಮಾತ್ರ ಕಚ್ಚುತ್ತಿರಲಿಲ್ಲ. ತೋಳ ಓಡಿದ ಮೇಲೆ ಅದು ಎದ್ದು ಬಂದು, ಉಳಿದ ನಾಯಿಗಳಿಗೂ ಮಂದೆಗೂ ನಡುವೆ ಅಡ್ಡ ನಿಂತು ಗುರ್ರೆನ್ನುತ್ತಿತ್ತು. ಅವು ಬಾಲ ಇಳಿಸಿ ಮಲಗುತ್ತಿದ್ದವು.

ಇದು ಕುರಿಗಾಹಿಯ ಕಣ್ಣಿಗೆ ಚುಚ್ಚಿತು. ತೋಳದ ಮೇಲೆ ಗುರುಗುಟ್ಟದ ಇದು ನನ್ನ ನಾಯಿಗಳ ಮೇಲೇಕೆ ಗುರುಗುಟ್ಟುತ್ತದೆ? ತೋಳದ ಜೊತೆ ಇದರದೇನೋ ಒಳಸಂಚಿದೆ! ಹಗಲೆಲ್ಲ ಅದರ ಮೇಲೆಯೇ ಕಣ್ಣಿಟ್ಟ. ಅದು ಮಲಗಿದರೆ ಸಂಶಯ, ಎದ್ದರೆ ಇನ್ನೂ ಸಂಶಯ.

"ಇದನ್ನು ಹಟ್ಟಿಯಿಂದ ಅಟ್ಟುತ್ತೇನೆ" ಎಂದ.

"ಅಯ್ಯೋ, ನಿಮಗೇನು ಬುದ್ಧಿ ಕೆಟ್ಟಿದೆಯೇ? ಅದು ಅಡ್ಡ ನಿಲ್ಲುವುದು ತೋಳ ಹೋದ ಮೇಲಲ್ಲವೇ?" ಎಂದಳು ಹೆಂಡತಿ.

ಅವನು ಹೆಂಡತಿಯನ್ನೂ ಒಂದು ಥರ ನೋಡಿದ. ನಾಯಿಯನ್ನು ಹೊಳೆಯಾಚೆ ಬಿಟ್ಟು ಬಂದ.

ಮತ್ತೆ ತೋಳ ಬಂತು. ನಾಯಿಗಳು ಅಟ್ಟಿದವು. ಕುರಿಗಾಹಿ ಮೀಸೆ ತಿರುವಿದ. ಆದರೆ ನಾಯಿಗಳ ಕಾವು ಇಳಿಯಲಿಲ್ಲ. ತೋಳ ಬಾಯಿ ಹಾಕಿದ್ದ ಕುರಿಯ ಉಣ್ಣೆಯಲ್ಲಿ ತೋಳದ ವಾಸನೆ ಉಳಿದಿತ್ತು. ಆ ಕುರಿಯನ್ನೇ ಹರಿದವು. ಅದಕ್ಕೆ ಮೈ ತಾಗಿಸಿದ್ದ ಪಕ್ಕದ ಕುರಿಯನ್ನೂ ಬಿಡಲಿಲ್ಲ. ಆಮೇಲೆ ತೋಳವೇ ಬೇಕಿರಲಿಲ್ಲ. ಒಂದು ಮರಿ ಕೆಮ್ಮಿದರೂ ಎಲ್ಲವೂ ಅದರ ಮೇಲೆ ಬೀಳುತ್ತಿದ್ದವು. ಬಿಡಿಸಲು ಹೋದ ಕುರಿಗಾಹಿಯ ಕೈಯನ್ನೇ ಕಚ್ಚಿದವು.

ಅವನು ಕೊಡಲಿ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಇವನ್ನು ಕೊಂದರೆ ತೋಳವನ್ನು ತಡೆಯುವವರು ಯಾರು? ಕೊಲ್ಲದಿದ್ದರೆ ಮಂದೆಗೆ ಯಾರು ಗತಿ? ಕೊಡಲಿ ಬಿಸಾಡಿ, ಅಳುತ್ತ ಹೊಳೆಯತ್ತ ಓಡಿದ.

ಗುರುಗಳು ಕಥೆಯನ್ನು ಅಲ್ಲಿಗೇ ನಿಲ್ಲಿಸಿದರು.

"ನಾಯಿ ಸಿಕ್ಕಿತೇ, ಗುರುಗಳೇ?" ಎಂದ ಮಾಂತಯ್ಯ.

"ಮೊದಲು ನೀನು ಹೇಳು, ವೈದ್ಯರು ಕೊಟ್ಟ ಮದ್ದನ್ನು ಯಾವ ಪೊದೆಗೆ ಎಸೆದು ಬಂದೆ?"