ಹೊಸ ಹಿಮಕ್ಕೆ ಮೂರು ದಿನದ ಆತಿಥ್ಯ

ಪೂಜ್ಯ ನಿರ್ಮೋಹಾನಂದರು ಹುಟ್ಟಿದ್ದು ಹಾವೇರಿ ಕಡೆಯ ಮೆಣಸಿನಕಾಯಿ ಸೀಮೆಯಲ್ಲಿ. ನೆಲೆ ನಿಂತದ್ದು ಹಿಮಾಲಯದಲ್ಲಿ, ದೇವದಾರು ಮರಗಳೂ ಮುಗಿದುಹೋಗುವ ಎತ್ತರದಲ್ಲಿ. ತಗಡು ಹೊದಿಸಿದ ಕುಟೀರ, ಒಂದು ಒಲೆ, ಎರಡು ಕಂಬಳಿ. ಅಷ್ಟೇ ಅವರ ಮಠ.

ಒಂದು ಚಳಿಗಾಲ ಗದುಗಿನ ಭೂಗೋಳದ ಮೇಷ್ಟ್ರು ವಿರೂಪಣ್ಣ ಅಲ್ಲಿಗೆ ಬಂದರು. ಭಕ್ತಿಯಿಂದಲ್ಲ, ಸ್ವಾಮಿಗಳೆಂದರೆ ಮೂಗು ಮುರಿಯುವ ಆಸಾಮಿ. ಮಂಡಿನೋವಿನಿಂದ ಬೆಟ್ಟದ ಕೆಳಗಿನ ಊರಲ್ಲೇ ಉಳಿದಿದ್ದ ಹೆಂಡತಿ, ಸ್ವಾಮಿಗಳ ಭಕ್ತೆ ಗಂಗವ್ವ, ಶೇಂಗಾ ಹೋಳಿಗೆಯ ಗಂಟು ಕೊಟ್ಟು "ಅಪ್ಪಾರಿಗೆ ಮುಟ್ಟಿಸಿ ಬರ್ರಿ" ಎಂದು ಅಟ್ಟಿದ್ದಳು. ಗಂಟು ಮುಟ್ಟಿತು, ಬೆನ್ನಿಗೇ ಹಿಮಗಾಳಿಯೂ ಬಂತು. ಎರಡು ದಿನ ಬಾಗಿಲು ತೆರೆಯಲಾಗಲಿಲ್ಲ.

ಮೂರನೆಯ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಮೇಷ್ಟ್ರು ಬೂಟು ಬಿಗಿದರು. "ಬಿಸಲು ಬಿತ್ತಲ್ರಿ, ಇನ್ನೇನ್ ಅಂಜಿಕಿ? ನಾ ಸತ್ತೆ ಅಂತ ನಮ್ಮಾಕಿ ಅಳಾಕತ್ತಿರ್ತಾಳ."

ಕೆಳಗಿಳಿಯುವ ಹಾದಿ ಇದ್ದದ್ದು ಕಡಿದಾದ ಇಳಿಜಾರಿನ ಬುಡದಲ್ಲಿ. ಆ ಊರವರದೊಂದು ಕಟ್ಟಳೆ: ಹೊಸ ಹಿಮ ಮನೆಗೆ ಬಂದ ಅತಿಥಿ, ಅದು ನೆಮ್ಮದಿಯಾಗಿ ಕೂರುವವರೆಗೆ, ಬೀಳುವುದು ನಿಂತ ಮೇಲೆ ಮೂರು ದಿನ, ಅದರ ತಂಟೆಗೆ ಯಾರೂ ಹೋಗಬಾರದು. ಸ್ವಾಮಿಗಳು ಇದನ್ನು ಹೇಳಿದಾಗ ಮೇಷ್ಟ್ರು ನಕ್ಕುಬಿಟ್ಟರು.

ಸ್ವಾಮಿಗಳು ಒಲೆಗೆ ಸೌದೆ ಒಡ್ಡುತ್ತ, "ಆಕಿಗೆ ನೀ ಬೇಕೋ ತಮ್ಮಾ, ನಿನ್ನ ಸುದ್ದಿ ಅಲ್ಲ. ಕೂಡು" ಎಂದರು.

ಆ ಮಾತಿಗೆ ಮೇಷ್ಟ್ರ ಕಾಲು ಹೊಸ್ತಿಲಲ್ಲೇ ನಿಂತಿತು. ಸಿಡುಕುತ್ತಲೇ ಕೂತರು. ಮಧ್ಯಾಹ್ನ ಬಿಸಿಲೇರಿದಂತೆ ಇಳಿಜಾರಿನ ಅರ್ಧ ಹಿಮ ಒಮ್ಮೆಲೇ ಜಾರಿತು. ಗುಡುಗಿನಂಥ ಸದ್ದು. ದೂಳಡಗಿದಾಗ ನೋಡಿದರೆ, ಹಾದಿಯೇ ಇರಲಿಲ್ಲ. ಮೇಷ್ಟ್ರು ಬಿಗಿದ ಬೂಟು ಬಿಚ್ಚಿಟ್ಟರು.

ಉಳಿದರ್ಧವೂ ಕೂರಲೆಂದು ಕಾದರು. ಆ ದಿನಗಳ ಸಂತೋಷವನ್ನು ಏನು ಹೇಳಲಿ! ಸ್ವಾಮಿಗಳು ಪದ ಹಾಡಿದರು, ಮೇಷ್ಟ್ರು ತಟ್ಟೆಯ ಮೇಲೆ ತಾಳ ಹಾಕಿದರು. ಮುಟ್ಟಿಸಲು ತಂದ ಹೋಳಿಗೆಯಲ್ಲಿ ಅರ್ಧ ಮೇಷ್ಟ್ರ ಹೊಟ್ಟೆಗೇ ಸೇರಿತು.

ಕಟ್ಟಳೆಯ ಮೂರು ದಿನ ಕಳೆದ ಮೇಲೆ, ಬಿಸಿಲೇರುವ ಮೊದಲೇ ಹೊರಟರು. ಸ್ವಾಮಿಗಳು ತಾವೇ ಮುಂದಾಗಿ, ಹಾದಿ ಮುಚ್ಚಿ ಗಟ್ಟಿಯಾಗಿದ್ದ ಹಿಮದ ಮೇಲೆ ನಡೆದು ಇಳಿಜಾರಿನ ಬುಡ ದಾಟಿದರು. ಅವರು ಆಚೆ ಮುಟ್ಟಿ ಕೈಬೀಸಿದ ಮೇಲೆಯೇ ಮೇಷ್ಟ್ರು ಹೆಜ್ಜೆಯಿಟ್ಟರು.

ಬೆಟ್ಟ ಹತ್ತಲಾರದೆ ಕೊರಗಿದ್ದ ಗಂಗವ್ವನ ಬಾಗಿಲಿಗೆ ಸ್ವಾಮಿಗಳ ದರ್ಶನ ತಾನಾಗಿ ನಡೆದುಬಂದಿತ್ತು. ಗಂಡನನ್ನು ಕಂಡು ಆಕೆ ಅತ್ತಳು, ಬೈದಳು, ಮತ್ತೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಅಪ್ಪಾರು ಏನಂದ್ರು?" ಎಂದು ಕೇಳಿದಳು.

"ಕೂಡು ಅಂದ್ರು. ಕೂತೆ."

"ನೋಡ್ರಿ ಅಪ್ಪಾರ! ಮೂವತ್ತು ವರ್ಷ ನಾ ಹೇಳಿದ್ರ ಒಮ್ಮಿನೂ ಕೂಡಲಿಲ್ಲ ಈ ಮನಶ್ಯಾ!"

ಸ್ವಾಮಿಗಳು ಹೊಟ್ಟೆ ಹಿಡಿದು ನಕ್ಕರು. ಯಾರಿಗೂ ತಲೆಬಾಗದ ವಿರೂಪಣ್ಣ ಬಾಗಿಲ ಮುಂದಿನ ಹಿಮದಲ್ಲೇ ಅವರ ಪಾದಕ್ಕೆ ಉದ್ದಂಡ ಬಿದ್ದರು. ಎಷ್ಟು ಹೊತ್ತಾದರೂ ಏಳಲಿಲ್ಲ. ಕೊನೆಗೆ ಮಂಡಿನೋವಿನ ಗಂಗವ್ವನೇ ಬಗ್ಗಿ ಎಬ್ಬಿಸಬೇಕಾಯಿತು.