ಮಾಸ್ತಮ್ಮನ ಸುಸ್ತು

ಮುರುಡೇಶ್ವರದ ನಿವೃತ್ತ ದಫೇದಾರ್ ದುರ್ಗಯ್ಯನಿಗೆ ಎಪ್ಪತ್ತರ ವಯಸ್ಸಿನಲ್ಲಿ ಸಮುದ್ರದಡಿ ಈಜುವ ಸ್ಕೂಬಾ ಹುಚ್ಚು ಹತ್ತಿತು. ಹೃದಯಕ್ಕೆ ಸ್ಟೆಂಟ್ ಹಾಕಿದ್ದರೂ ಡಾಕ್ಟರ ಮೇಜು ಗುದ್ದಿದ.

"ಫಿಟ್‌ನೆಸ್ ಸರ್ಟಿಫಿಕೇಟ್ ಬರೀರಿ! ಇಲ್ಲಾಂದ್ರೆ ಬೇರೆ ಡಾಕ್ಟ್ರು ಬರೀತಾರೆ."

ಹೆಂಡತಿ ಮಾಸ್ತಮ್ಮ ಎದ್ದಳು. "ನೀರಿನಡಿಗೆ ಜೋಡಿಯಾಗಿ ಇಳೀಬೇಕಂತೆ. ನಾನೂ ಹೋಗ್ತೇನೆ, ನನ್ನನ್ನೂ ನೋಡಿ."

ಪರದೆಯ ಹಿಂದೆ ಅವಳು ಪಿಸುಗುಟ್ಟಿದಳು: "ನಾನು ಗಟ್ಟಿಯಿದ್ದೇನೆ ಡಾಕ್ಟ್ರೇ. ಆದ್ರೆ ನನಗೆ ಆಗೋದಿಲ್ಲ ಅಂತಲೇ ಹೇಳಿ."

ಡಾಕ್ಟರು ಹೊರಬಂದು, "ಅಮ್ಮನನ್ನು ನೀರಿಗಿಳಿಸೋದು ಬೇಡ" ಎಂದರು.

ದುರ್ಗಯ್ಯನ ದನಿ ಇಳಿಯಿತು. "ಇವಳಿಲ್ಲದೆ ನನಗೆಂಥ ಸಮುದ್ರ? ಬಿಡಿ."

ಮೆಟ್ಟಿಲಿಳಿಯುವಾಗ ಅವಳ ಕೈ ಹಿಡಿದುಕೊಂಡ. "ಬೇಜಾರು ಮಾಡ್ಬೇಡ ಮಾರಾಯ್ತಿ. ನಾನಿದ್ದೇನಲ್ಲ."

ಅಷ್ಟರಲ್ಲೇ ಅವನಿಗೆ ಏದುಸಿರು ಬಂತು.

"ಸ್ವಲ್ಪ ನಿಲ್ಲಿ," ಎಂದಳು ಮಾಸ್ತಮ್ಮ, "ನನಗೆ ಸುಸ್ತು."